ಕುಡಿತ ಬಿಟ್ಟವರ ಗುಂಪು ಎಷ್ಟು ಹತ್ತಿರವಿರಬೇಕು? ತೀರ್ಥಹಳ್ಳಿ ಸೀಮೆಯ ಕೊನೆಗಾರರೊಬ್ಬರ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ಕೊನೆ ಇಳಿಸುವ ಕೆಲಸ ಮಾಡುವ, ನಲವತ್ತೊಂದು ವರ್ಷದ ಒಬ್ಬರು ಕುಡಿತವನ್ನು ನಿಲ್ಲಿಸಿದ ಮೇಲೆ, ಆ ನಿಲುಗಡೆಯನ್ನು ಉಳಿಸಿಕೊಳ್ಳಲು ತಮ್ಮಂಥವರ ಗುಂಪನ್ನು ಹುಡುಕಿಕೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಅವರದೂ ಅವರ ಹೆಂಡತಿಯದೂ ಒಪ್ಪಿಗೆ ಪಡೆದು ಬರೆದ ಪ್ರಕರಣವಿದು. ಊರಿನ ಹೆಸರನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅವರನ್ನು ಕೊನೆಗಾರರು ಎಂದಷ್ಟೇ ಕರೆಯುತ್ತೇನೆ. ಆಪ್ತ ಸಮಾಲೋಚಕಿಯಾದ ನನ್ನಲ್ಲಿಗೆ ಬರುವ ಮನೆಯವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಹತ್ತಿರದಲ್ಲಿ ಎಲ್ಲಿದೆ?’ ಎಂದು. ಮಲೆನಾಡಿನಲ್ಲಿ ಈ ಪ್ರಶ್ನೆಗೆ ಕಿಲೋಮೀಟರಿನ ಲೆಕ್ಕದಲ್ಲಿ ಉತ್ತರ ಕೊಟ್ಟರೆ ಅದು ಬಹಳ ಸಲ ಉಪಯೋಗಕ್ಕೆ ಬಾರದ ಉತ್ತರವಾಗುತ್ತದೆ. ಬಸ್ಸಿನ ಸಮಯ, ದಿನದಲ್ಲಿ ಕುಡಿಯಬೇಕೆನಿಸುವ ಗಳಿಗೆ, ಅಲ್ಲಿ ಎದುರಾಗುವ ಮುಖಗಳು ಯಾರವು ಎಂಬುದು, ಇವು ದೂರಕ್ಕಿಂತ ಹೆಚ್ಚು ತೂಕದ ಸಂಗತಿಗಳು.

ಹಿನ್ನೆಲೆ

ಕೊನೆಗಾರರು ಮೀಸೆ ಮೂಡುವ ವಯಸ್ಸಿನಲ್ಲೇ ತಳೆ ಕಟ್ಟಿ ಮರ ಹತ್ತಲು ಕಲಿತವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವುದು, ಮಳೆ ಕಳೆದ ಮೇಲೆ ಕೊನೆ ಕೊಯ್ಲು, ನಡುವೆ ಸಿಕ್ಕಿದ ಕೂಲಿ, ಇದು ಅವರ ವರ್ಷ. ಮದ್ದು ಹೊಡೆಯುವವರು ದಿನವಿಡೀ ನೆನೆದು ಮರದ ಮೇಲಿರುತ್ತಾರೆ; ಅವರಿಗೆ ಸಂಜೆ ಕೂಲಿಯ ಜೊತೆಗೆ ‘ಚಳಿಗೆ’ ಎಂದು ಒಂದಿಷ್ಟು ಕೊಡುವುದು ಎಷ್ಟೋ ಕಡೆ ರೂಢಿಯಾಗಿ ಉಳಿದಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಪ್ಯಾಕೆಟ್ಟು ಹೋಗಿ ಅಗ್ಗದ ವಿಸ್ಕಿ ಬಂತೇ ಹೊರತು ರೂಢಿ ಹೋಗಲಿಲ್ಲ. ನನ್ನ ಬಳಿ ಬರುವ ಹೊತ್ತಿಗೆ ಅವರು ದಿನಕ್ಕೆ ಎರಡು ಕ್ವಾರ್ಟರ್ ಮತ್ತು ಬೆಳಗ್ಗೆ ಕೈನಡುಕ ನಿಲ್ಲಲಿಕ್ಕೆಂದು ಒಂದು ನೈಂಟಿ, ಅಂದರೆ ಅರ್ಧ ಕ್ವಾರ್ಟರ್, ಕುಡಿಯುತ್ತಿದ್ದರು. ಶೇ. 42.8 ಪ್ರಮಾಣದ 180 ಮಿಲಿಲೀಟರಿನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಹಾಗೆ ನೋಡಿದರೆ ಅವರ ದಿನದ ಲೆಕ್ಕ 150 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಅಳತೆಯಲ್ಲಿ 40ಕ್ಕೆ 31 ಅಂಕ ಬಂತು. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇರಬಹುದೆಂದು ತಿಳಿದು ವೈದ್ಯರಿಂದ ಸರಿಯಾಗಿ ತಪಾಸಣೆ ಮಾಡಿಸಬೇಕಾಗುತ್ತದೆ.

ಬಿಡುವ ಪ್ರಯತ್ನಗಳು ಮೊದಲೂ ಆಗಿದ್ದವು. ಹೆಂಡತಿ ಮಂಜುನಾಥನ ಮೇಲೆ ಆಣೆ ಮಾಡಿಸಿದ್ದರು. ಒಂದು ವರ್ಷ ಅವರೇ ಅಯ್ಯಪ್ಪ ಮಾಲೆ ಹಾಕಿದರು. ಮಾಲೆ ಹಾಕಿದವರು ನಲವತ್ತೊಂದು ದಿನ ಕುಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಎಷ್ಟೋ ಜನ ಅದನ್ನು ನಡೆಸಿಯೂ ತೋರಿಸುತ್ತಾರೆ. ಇವರು ಎರಡನೆಯ ದಿನ ಬೆಳಗಿನ ಜಾವ ಸ್ನಾನಕ್ಕೆ ಹೋದಲ್ಲೇ ಫಿಟ್ಸ್ ಬಂದು ಬಿದ್ದರು. ವ್ರತದಲ್ಲಿ ಏನೋ ಮೈಲಿಗೆಯಾಗಿದೆ ಎಂದು ಮನೆಯವರು ತೀರ್ಮಾನಿಸಿದರು, ಮಾಲೆ ತೆಗೆಸಿದರು, ಆ ಸಂಜೆ ಅವರು ಕುಡಿದರು, ನಡುಕ ನಿಂತಿತು. ಕುಡಿತ ಬಿಟ್ಟರೆ ದೇವರು ಕೆಡಹುತ್ತಾನೆ ಎಂಬ ವಿಚಿತ್ರ ಭಯವೊಂದು ಅಂದಿನಿಂದ ಅವರಲ್ಲಿ ಉಳಿದುಬಿಟ್ಟಿತ್ತು.

ಆದ್ದರಿಂದ ಹೆಂಡತಿ ಬಂದು ‘ಹತ್ರದಾಗೆ ಎಲ್ಲಾದ್ರೂ ಒಂದು ಮೀಟಿಂಗಿಗೆ ಸೇರ್ಸಿ ಮೇಡಂ’ ಎಂದಾಗ ಗುಂಪಿನ ಮಾತನ್ನು ನಾನು ಮುಂದಕ್ಕೆ ಹಾಕಿದೆ. ಮದ್ಯಕ್ಕೆ ಒಗ್ಗಿಹೋದ ದೇಹ ಏಕಾಏಕಿ ಮದ್ಯವಿಲ್ಲದೆ ಉಳಿದಾಗ ಮೊದಲ ದಿನದೊಳಗೆ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಎರಡು ದಿನದೊಳಗೆ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದು ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸ್ಥಿತಿ ಉಂಟಾಗಿ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯವಾಗುತ್ತದೆ. ಹಿಂದೆ ಒಮ್ಮೆ ಫಿಟ್ಸ್ ಬಂದವರನ್ನು ಮನೆಯಲ್ಲೇ ನಿಲ್ಲಿಸಲು ಹೇಳುವಂತಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಅವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ದಾಖಲಾಗಿ ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗುವ ಮಾತ್ರೆ, ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಇವುಗಳ ನೆರವಿನಲ್ಲಿ ಮೊದಲ ವಾರ ಕಳೆಯಿತು. ಮಾಲೆಯ ದಿನ ಆದದ್ದು ಇದೇ ಎಂದು ಅಲ್ಲಿನ ಯುವ ವೈದ್ಯರೊಬ್ಬರು ಹಾಸಿಗೆಯ ಪಕ್ಕ ಕುಳಿತು ಹೇಳಿದ್ದು, ನನ್ನ ಲೆಕ್ಕದಲ್ಲಿ, ಔಷಧದಷ್ಟೇ ಕೆಲಸ ಮಾಡಿತು.

ಇಷ್ಟರ ನಡುವೆ ಸಂಬಂಧಿಕರಿಂದ ಎರಡು ಸಲಹೆಗಳು ಬಂದಿದ್ದವು. ಬಸ್‌ನಿಲ್ದಾಣದ ಗೋಡೆಗಳಲ್ಲಿ ಕಾಣುವ, ‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿಕೊಡಿ’ ಎನ್ನುವ ಪುಡಿ ಒಂದು. ಇಂಥ ಪುಡಿಗಳಲ್ಲಿ ಏನಿರುತ್ತದೆಂದು ಹೊರಗಿನಿಂದ ಹೇಳಲಾಗದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದದ್ದೇ ಆದರೆ, ಅದರ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಅದು ಒಳ್ಳೆಯ ಔಷಧವೇ, ಆದರೆ ಸೇವಿಸುವವರಿಗೆ ಗೊತ್ತಿದ್ದು, ಅವರು ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಕಾದದ್ದು. ಇನ್ನೊಂದು ಸಲಹೆ, ರಾತ್ರೋರಾತ್ರಿ ಗಾಡಿ ತರಿಸಿ ದೂರದ ಒಂದು ‘ಸೆಂಟರ್’ಗೆ ಮೂರು ತಿಂಗಳು ಸೇರಿಸುವುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ; ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಾಯಿತವಾಗಿರಬೇಕು, ಒಪ್ಪಿಗೆಯಿಲ್ಲದೆ ದಾಖಲಿಸುವುದಕ್ಕೆ ಕಾನೂನಿನ ಬಿಗಿಯಾದ ಷರತ್ತುಗಳಿವೆ. ಇದನ್ನು ಅವರ ಭಾವನಿಗೆ ವಿವರಿಸಿದಾಗ ಅವರು ಬೇಸರಪಟ್ಟರು. ಅವರ ಕಾಳಜಿ ನಿಜವಾದದ್ದು, ಆದ್ದರಿಂದ ಬೇಸರವನ್ನು ನಾನು ತಪ್ಪೆನ್ನುವುದಿಲ್ಲ.

ಹುಡುಕಾಟ

ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಗುಂಪಿನ ಹುಡುಕಾಟ ಮೊದಲಾಯಿತು. ಬಿಟ್ಟ ಮೇಲಿನ ಮೊದಲ ತಿಂಗಳುಗಳೇ ಮತ್ತೆ ಜಾರುವ ಸಂಭವ ಹೆಚ್ಚಿರುವ ಕಾಲ. ಗುಂಪು ಏಕೆ ಬೇಕು ಎಂಬುದಕ್ಕೆ ಆಧಾರವೂ ಇದೆ: ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯು 27 ಅಧ್ಯಯನಗಳ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಕುಡಿತ ಬಿಟ್ಟವರ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆಯು ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಮಾನ್ಯ ಚಿಕಿತ್ಸೆಗಳಿಗೆ ಸಮ ಅಥವಾ ಮಿಗಿಲು ಎಂದು ಕಂಡುಕೊಂಡಿತು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು ಎಂಬುದನ್ನೂ ಜೊತೆಗೇ ಹೇಳಬೇಕು; ಅಲ್ಲಿನ ಊರುಗಳಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಸಭೆಗಳನ್ನು ಆಯ್ದುಕೊಳ್ಳಬಹುದು. ‘ತೊಂಬತ್ತು ದಿನಕ್ಕೆ ತೊಂಬತ್ತು ಸಭೆ’ ಎಂಬ, ಆ ವಲಯದಲ್ಲಿ ಬಹಳ ಕೇಳಿಬರುವ ಸಲಹೆಯನ್ನು ಆಗುಂಬೆ ಘಟ್ಟದ ಮೇಲಿನ ಮನುಷ್ಯನಿಗೆ ಕೊಟ್ಟರೆ ಅದು ಹಾಸ್ಯವಾಗುತ್ತದೆ.

ನಮ್ಮ ಕಡೆಯವರಿಗೆ ಹೆಚ್ಚು ಪರಿಚಿತವಾದದ್ದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ನಡೆಸುವ ಮದ್ಯವರ್ಜನ ಶಿಬಿರ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಶಿಬಿರಾರ್ಥಿಗಳು ಒಟ್ಟಿಗಿರುತ್ತಾರೆ; ಭಜನೆ, ವ್ಯಾಯಾಮ, ಸಮಾಲೋಚನೆ, ಮನೆಯವರ ಭೇಟಿ ಇರುತ್ತವೆ; ಶಿಬಿರ ಮುಗಿದ ಮೇಲೆ ಪಾನಮುಕ್ತರು ನವಜೀವನ ಸಮಿತಿಯ ಸದಸ್ಯರಾಗಿ ಆಗಾಗ ಸೇರುತ್ತಾರೆ. ಜನರಿಗೆ ಗೊತ್ತಿರುವ ಭಾಷೆಯಲ್ಲಿ, ಗೊತ್ತಿರುವ ದೇವರ ಹೆಸರಿನಲ್ಲಿ, ಹೋಬಳಿಯ ಮಟ್ಟದಲ್ಲೇ ದೊರೆಯುವ ಇದಕ್ಕೆ ಸಾಟಿಯಾದದ್ದು ಹಳ್ಳಿಗಾಡಿನಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕೊನೆಗಾರರ ಹಳ್ಳಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಪಾನಮುಕ್ತರು ಸೇರುತ್ತಿದ್ದರು. ದಾರಿಯ ಲೆಕ್ಕದಲ್ಲಿ ಹುಡುಕಾಟ ಅಲ್ಲಿಗೇ ಮುಗಿಯಬೇಕಿತ್ತು.

ಅವರು ಒಪ್ಪಲಿಲ್ಲ. ಕಾರಣ ಹೇಳಲು ಹಲವು ದಿನ ತೆಗೆದುಕೊಂಡರು. ಅಲ್ಲಿಗೆ ಬರುವವರಲ್ಲಿ ಒಬ್ಬರು, ಇವರು ವರ್ಷವೂ ಕೊನೆ ಇಳಿಸುವ ತೋಟದ ಗೌಡರು. ಇನ್ನೊಬ್ಬರು ಹೆಂಡತಿಯ ತವರಿನ ಕಡೆಯವರು. ‘ಮರದ ಮೇಲೆ ಕೈ ನಡುಗಿತ್ತು ಅಂತ ಅವ್ರೆದುರಿಗೆ ಹೇಳಿದ್ರೆ, ಬರೋ ವರ್ಷ ನನ್ನ ಯಾರು ಮರ ಹತ್ತುಸ್ತಾರೆ?’ ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಇದರಲ್ಲಿ ಸಮಿತಿಯ ಕೊರತೆ ಏನೂ ಇಲ್ಲ. ಆ ಗೌಡರೂ ಕುಡಿತದಿಂದ ಹೊರಬಂದವರೇ, ಒಳ್ಳೆಯ ಮನಸ್ಸಿನವರೇ. ಕೆಲಸ ಕೊಡುವವರೂ ಮಾಡುವವರೂ ನೆಂಟರೂ ಅವೇ ಮೂವತ್ತು ಮನೆಗಳಲ್ಲಿರುವ ಸೀಮೆಯಲ್ಲಿ, ಗುಂಪಿನಲ್ಲಿ ಬಿಚ್ಚಿಟ್ಟ ಮಾತು ಗುಂಪಿನಲ್ಲೇ ಉಳಿದರೂ, ಅದನ್ನು ಕೇಳಿದ ಮುಖ ಬೆಳಗ್ಗೆ ತೋಟದಲ್ಲಿ ಎದುರಾಗುತ್ತದೆ.

ಹಾಗಾಗಿ ಶಿವಮೊಗ್ಗದ ಕಡೆ ನೋಡಿದೆವು. ಆಲ್ಕೋಹಾಲಿಕ್ಸ್ ಅನಾನಿಮಸ್, ಜನರ ಬಾಯಲ್ಲಿ ‘ಎಎ’, 1935ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಷೇರು ವ್ಯವಹಾರದ ಒಬ್ಬರು ಮತ್ತು ಶಸ್ತ್ರವೈದ್ಯರೊಬ್ಬರು, ಇಬ್ಬರೂ ಕುಡಿತದಲ್ಲಿ ಮುಳುಗಿ ಎದ್ದವರು, ಪರಸ್ಪರ ಮಾತಾಡಿಕೊಂಡೇ ಕುಡಿಯದೆ ಉಳಿದದ್ದರಿಂದ ಹುಟ್ಟಿದ ಬಳಗ. ಸದಸ್ಯರಾಗಲು ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ, ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಯಾರು ಬೇಕಾದರೂ ಬಂದು ಕೂರಬಹುದಾದ ತೆರೆದ ಸಭೆಗಳೂ, ಕುಡಿತದ ಸಮಸ್ಯೆ ಇರುವವರಿಗಷ್ಟೇ ಮೀಸಲಾದ ಸಭೆಗಳೂ ಬೇರೆಬೇರೆ ಇರುತ್ತವೆ. ಮೊದಲ ಭೇಟಿಗೆ ತೆರೆದ ಸಭೆಯಾದರೆ ಹೆಂಡತಿಯೂ ಜೊತೆಗೆ ಹೋಗಬಹುದು ಎಂಬುದು ನನ್ನ ಲೆಕ್ಕವಾಗಿತ್ತು.

ಎರಡು ತೊಡಕುಗಳು ಎದುರಾದವು. ಸಭೆ ಸೇರುತ್ತಿದ್ದ ಕೋಣೆ ಒಂದು ಚರ್ಚಿನ ಆವರಣದಲ್ಲಿತ್ತು. ‘ಅಲ್ಲಿ ಜಾತಿ ಕೆಡಿಸ್ತಾರಂತೆ’ ಎಂಬ ಮಾತು ಭಾವನಿಂದ ಹೊರಟು ಊರಿಗೆಲ್ಲ ಹಬ್ಬುವ ಮೊದಲೇ ಅದನ್ನು ಎದುರಿಸಬೇಕಾಯಿತು. ಎಎ ಯಾವ ಮತಕ್ಕೂ ಸೇರಿದ್ದಲ್ಲ, ಕಡಿಮೆ ಬಾಡಿಗೆಗೆ ಸಂಜೆ ಖಾಲಿ ಸಿಗುವ ಕೋಣೆ ಎಲ್ಲಿದ್ದರೆ ಅಲ್ಲಿ, ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ಸೇರುತ್ತಾರೆ. ‘ನಮಗಿಂತ ದೊಡ್ಡ ಶಕ್ತಿ’ ಎಂದು ಅವರು ಹೇಳುವಾಗ ಕೇಳುವವರು ತಮ್ಮ ದೇವರನ್ನೇ ನೆನೆದುಕೊಳ್ಳಬಹುದು. ಇಷ್ಟು ನಾನು ಹೇಳಿದ್ದಕ್ಕಿಂತ, ಆ ಗುಂಪಿನ ಹಿರಿಯ ಸದಸ್ಯರೊಬ್ಬರು ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದು ಆಸ್ಪತ್ರೆಯಲ್ಲಿ ಕೊನೆಗಾರರನ್ನು ಕಂಡು ಮಾತಾಡಿಸಿದ್ದು ಹೆಚ್ಚು ಉಪಯೋಗಕ್ಕೆ ಬಂತು.

ಎರಡನೆಯದು ಬಸ್ಸು. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ತೀರ್ಥಹಳ್ಳಿಯಿಂದ ಅವರ ಊರಿಗೆ ಮತ್ತೆ ಒಳದಾರಿ. ವಾರದ ದಿನಗಳ ಸಭೆ ಮುಗಿಯುವ ಹೊತ್ತಿಗೆ ಆ ಒಳದಾರಿಯ ಕೊನೆಯ ಬಸ್ಸು ಹೋಗಿ ಆಗಿರುತ್ತದೆ. ರಾತ್ರಿ ತೀರ್ಥಹಳ್ಳಿ ಬಸ್‌ನಿಲ್ದಾಣದಲ್ಲಿ ಒಂಟಿಯಾಗಿ, ಜೇಬಿನಲ್ಲಿ ಕೂಲಿಯ ಹಣವಿಟ್ಟುಕೊಂಡು ನಿಲ್ಲುವ ಪರಿಸ್ಥಿತಿಯನ್ನು ಹೊಸದಾಗಿ ಬಿಟ್ಟ ಮನುಷ್ಯನಿಗೆ ತಂದಿಡುವುದಕ್ಕಿಂತ ಸಭೆಗೆ ಹೋಗದಿರುವುದೇ ಮೇಲು. ಸಭೆಯ ಪಟ್ಟಿ ಮಾತ್ರ ನೋಡಿ ಕಳಿಸುವವರು ಇದನ್ನು ಗಮನಿಸುವುದಿಲ್ಲ. ಭಾನುವಾರ ಹಗಲು ಸೇರುವ ಸಭೆಯೊಂದಿತ್ತು; ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮನೆ. ಎರಡು ವಾರಕ್ಕೊಮ್ಮೆ ಅದಕ್ಕೆ ಹೋಗುವುದೆಂದು ಗೊತ್ತಾಯಿತು. ಬಸ್ಸಿನ ಖರ್ಚು ಇಬ್ಬರದೂ ಸೇರಿ ಒಂದು ದಿನದ ಕುಡಿತದ ಖರ್ಚಿಗಿಂತ ಕಡಿಮೆ ಎಂದು ಹೆಂಡತಿಯೇ ಲೆಕ್ಕ ಹಾಕಿ ತೋರಿಸಿದರು.

ಉಳಿದ ದಿನಗಳು

ಎರಡು ವಾರಕ್ಕೊಂದು ಸಭೆ ಎಂದರೆ ನಡುವೆ ಹದಿಮೂರು ಸಂಜೆಗಳು ಖಾಲಿ. ಅವರಿಗೆ ಆಸೆ ಕೆರಳುವ ಹೊತ್ತು ಯಾವುದೆಂದು ಕೂತು ಗುರುತು ಹಾಕಿದಾಗ, ಕೆಲಸ ಬಿಟ್ಟು ಕೈಕಾಲು ತೊಳೆದು ಮನೆ ಸೇರುವ ನಡುವಿನ ಒಂದು ತಾಸೇ ಮುಖ್ಯವೆಂದು ತಿಳಿಯಿತು. ಆ ತಾಸಿಗೆ ಯಾರಾದರೂ ಬೇಕಿತ್ತು. ಎಎಯಲ್ಲಿ ಹಳಬರೊಬ್ಬರು ಹೊಸಬರ ಜೊತೆ ನಿಲ್ಲುವ ಪದ್ಧತಿಯಿದೆ, ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ವಿಭೂತಿಯ ಹಿರಿಯರೇ ಆ ಹೊಣೆ ಹೊತ್ತು, ದಿನವೂ ಸಂಜೆ ಆರೂವರೆಗೆ ಫೋನಿನಲ್ಲಿ ಸಿಗುತ್ತೇನೆಂದರು. 2020ರ ಕೊರೊನಾ ಕಾಲದಿಂದ ಹರಡಿದ ವೀಡಿಯೊ ಸಭೆಗಳನ್ನೂ ಯೋಚಿಸಿದೆವು, ಕನ್ನಡದಲ್ಲೇ ನಡೆಯುವಂಥವೂ ಸಿಗುತ್ತವೆ. ಆದರೆ ಅವರ ಮನೆಯಲ್ಲಿ ಮಾತಿಗೇ ಸಿಗ್ನಲ್ ಇಲ್ಲ, ವೀಡಿಯೊ ಎಲ್ಲಿಯದು. ಮನೆಯ ಮೇಲಿನ ಗುಡ್ಡದ ನೆತ್ತಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಅವರು ಆ ಹೊತ್ತಿಗೆ ಗುಡ್ಡ ಹತ್ತುವುದನ್ನು ರೂಢಿಸಿಕೊಂಡರು. ಅಂಗಡಿಯ ದಾರಿ ಕೆಳಗಿನದು, ಸಿಗ್ನಲ್‌ನ ದಾರಿ ಮೇಲಿನದು ಎಂಬುದು ನಾವು ಯೋಜಿಸಿದ್ದಲ್ಲ, ಆದರೂ ಅದರಿಂದ ಲಾಭವಾಯಿತು. ಹಿರಿಯರು ಸಿಗದ ದಿನಕ್ಕೆಂದು, 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟಿದ್ದೆ. ಉಚಿತ, ಇಡೀ ದಿನ ಕನ್ನಡದಲ್ಲಿ ಮಾತಾಡುವವರಿರುತ್ತಾರೆ. ಒಮ್ಮೆ ಅದನ್ನು ಬಳಸಿದ್ದು ಅವರಲ್ಲ, ಅವರ ಹೆಂಡತಿ.

ಹೆಂಡತಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಇಷ್ಟು ವರ್ಷ ಬಾಟಲಿ ಹುಡುಕಿ ಚೆಲ್ಲುವುದು, ಜೇಬು ತಡವುವುದು, ಬಾಯಿ ಮೂಸುವುದು, ಗೌಡರಿಗೆ ‘ಜ್ವರ’ ಎಂದು ಸುಳ್ಳು ಹೇಳುವುದು ಇವೇ ಅವರ ದಿನಚರಿಯಾಗಿದ್ದವು, ಗಂಡ ಬಿಟ್ಟ ಮೇಲೂ ಅವು ನಿಲ್ಲಲಿಲ್ಲ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬಳಗ 1951ರಲ್ಲೇ ಹುಟ್ಟಿದ್ದು, ಎಎ ಸಂಸ್ಥಾಪಕರೊಬ್ಬರ ಪತ್ನಿಯೇ ಅದರ ಮೂಲದಲ್ಲಿದ್ದವರು. ಶಿವಮೊಗ್ಗದ ಭಾನುವಾರಗಳಲ್ಲಿ ಗಂಡಂದಿರ ಸಭೆಯ ಹೊತ್ತಿಗೆ ಪಕ್ಕದಲ್ಲಿ ಹೆಂಗಸರು ಕೆಲವರು ಕೂಡುತ್ತಿದ್ದರು. ಮೊದಲ ಸಲ ಇವರು ಬಾಯಿ ಬಿಡಲಿಲ್ಲ. ಭದ್ರಾವತಿಯ ಒಬ್ಬ ಹೆಂಗಸು ‘ಅವರು ಕುಡಿದದ್ದಕ್ಕೆ ನಾನು ಕಾರಣ ಅಲ್ಲ ಅಂತ ನಂಬಲಿಕ್ಕೇ ನನಗೆ ಎರಡು ವರ್ಷ ಬೇಕಾಯ್ತು’ ಎಂದದ್ದನ್ನು ಬಸ್ಸಿನಲ್ಲಿ ಬರುವಾಗ ಗಂಡನಿಗೆ ಹೇಳಿದರಂತೆ. ಜೇಬು ತಡವುವುದು ನಿಧಾನವಾಗಿ ಕಡಿಮೆಯಾಯಿತು. ಪೂರ್ತಿ ನಿಂತಿದೆ ಎಂದು ಅವರೂ ಹೇಳುವುದಿಲ್ಲ.

ಜಾರಿದ್ದು ಮತ್ತು ಮರಳಿದ್ದು

ಫಿಟ್ಸ್ ಬಂದವರು ಸದ್ಯಕ್ಕೆ ಮರ ಹತ್ತಬಾರದೆಂದು ವೈದ್ಯರು ಹೇಳಿದ್ದರಿಂದ ಆ ವರ್ಷದ ಕೊಯ್ಲಿಗೆ ಅವರು ನೆಲದಲ್ಲೇ ನಿಂತು ಉದ್ದನೆಯ ಫೈಬರ್ ದೋಟಿಯಲ್ಲಿ ಕೊನೆ ಇಳಿಸುವುದನ್ನು ಕಲಿತರು. ಮಲೆನಾಡಿನಲ್ಲಿ ದೋಟಿ ಈಗ ಸಾಮಾನ್ಯವಾಗಿದೆ, ಆದರೂ ಮರ ಹತ್ತುವವನ ಮರ್ಯಾದೆಯೇ ಬೇರೆ ಎಂದು ಅವರಿಗೆ ಅನಿಸುತ್ತಿತ್ತು. ಅದೇ ಕೊಯ್ಲಿನ ಕಡೆಯ ದಿನ, ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿದವರು ತಂಡಕ್ಕೆಲ್ಲ ಊಟ ಹಾಕಿಸಿದಾಗ, ಒಂದು ಗ್ಲಾಸಿನಿಂದ ಶುರುವಾಗಿ ನಾಲ್ಕು ದಿನ ಕುಡಿದರು. ಐದನೆಯ ದಿನ ಗುಡ್ಡ ಹತ್ತಿ ಹಿರಿಯರಿಗೆ ಫೋನ್ ಮಾಡಿದವರು ಅವರೇ. ಹಿರಿಯರು ಬಯ್ಯಲಿಲ್ಲ, ಮೊದಲು ಕೇಳಿದ್ದು ಕೈ ನಡುಗುತ್ತಿದೆಯೇ ಎಂದು. ನಡುಗುತ್ತಿದೆ ಎಂದಾಗ ಆಸ್ಪತ್ರೆಗೆ ಹೋಗಲು ಹೇಳಿದರು. ಈ ಸಲ ಮನೋವೈದ್ಯರು ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿದ ನಂತರ, ಸೇರಿಸಿದರು. ಗುಂಪಿಗೂ ಮಾತ್ರೆಗೂ ವಿರೋಧವಿದೆ ಎಂದು ಕೆಲವರು ತಿಳಿಯುವುದುಂಟು. ಗುಂಪಿನಲ್ಲೇ ಹಾಗೆ ಹೇಳುವ ಹಳಬರೂ ಸಿಗುತ್ತಾರೆ. ಅದನ್ನು ಕೇಳಿ ಮಾತ್ರೆ ಬಿಡಬಾರದು ಎಂದು ನಾನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ.

ಮುಂದಿನ ಭಾನುವಾರ ಸಭೆಯಲ್ಲಿ ಅವರು ಎದ್ದು ನಿಂತು ಆದದ್ದನ್ನು ಆದಂತೆ ಹೇಳಿದರು. ಅಲ್ಲಿ ಅವರ ತೋಟದ ಯಜಮಾನರಿರಲಿಲ್ಲ, ನೆಂಟರಿರಲಿಲ್ಲ. ಲಾರಿ ಓಡಿಸುವವರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಕಾರ್ಖಾನೆಯಲ್ಲಿ ದುಡಿದವರೊಬ್ಬರು ಹೀಗೆ ಎಂಟೊಂಬತ್ತು ಅಪರಿಚಿತರು. ಅಷ್ಟು ದೂರ ಹೋದದ್ದರ ಪ್ರಯೋಜನ ಅಂದು ಕಾಣಿಸಿತು.

ಈ ಪ್ರಕರಣದಲ್ಲಿ ನಾನು ನಿರೀಕ್ಷಿಸದಿದ್ದ ಬೆಳವಣಿಗೆ ಆಮೇಲಿನದು. ವರ್ಷ ತುಂಬಿ ಕೆಲವು ತಿಂಗಳಾದ ಮೇಲೆ, ಊರಿಗೆಲ್ಲ ಅವರು ಬಿಟ್ಟದ್ದು ಗೊತ್ತಾಗಿ, ಬಚ್ಚಿಡಬೇಕಾದದ್ದು ಹೆಚ್ಚೇನೂ ಉಳಿಯದಿದ್ದಾಗ, ಅವರು ತಾವಾಗಿಯೇ ಹೋಬಳಿಯ ಪಾನಮುಕ್ತರ ಜೊತೆ ಕೂರಲು ಹೋದರು. ಅವರು ಹಿಂದೆ ಹೆದರಿದ್ದ ಗೌಡರೇ ಚಾಪೆ ಹಾಸಿ ಕೂರಿಸಿದರಂತೆ. ಈಗ ತಿಂಗಳಿಗೊಮ್ಮೆ ಶಿವಮೊಗ್ಗ, ಉಳಿದಂತೆ ಊರಿನ ಗುಂಪು ಎಂದು ನಡೆಯುತ್ತಿದೆ. ಮಾತಾಡಲೇಬೇಕಾದ ಕೆಲವು ವಿಷಯಗಳನ್ನು ಮಾತ್ರ ಶಿವಮೊಗ್ಗಕ್ಕೆಂದು ಎತ್ತಿಟ್ಟುಕೊಳ್ಳುತ್ತಾರೆ. ನಡೆದು ಹೋಗುವಷ್ಟು ಹತ್ತಿರದ ಗುಂಪನ್ನು ಮೊದಲ ತಿಂಗಳಲ್ಲಿ ಒತ್ತಾಯಿಸಿದ್ದರೆ ಅವರು ಯಾವ ಗುಂಪಿಗೂ ಹೋಗುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ. ಪಟ್ಟಣದವರಿಗೆ ಈ ಕ್ರಮ ಹೊಂದಲಾರದು. ಅಲ್ಲಿ ಪಕ್ಕದ ಬೀದಿಯ ಗುಂಪಿನಲ್ಲೂ ಅಪರಿಚಿತರೇ ಇರುತ್ತಾರೆ.

ಬಗೆಹರಿಯದೆ ಉಳಿದದ್ದು ಕೂಲಿಯ ಜೊತೆಗಿನ ‘ಚಳಿಗೆ’. ಈ ವರ್ಷದ ಕೊಯ್ಲಿಗೆ ಮೊದಲು ಕೊನೆಗಾರರು ಚೇಣಿದಾರರ ಹತ್ತಿರ ಕೂತು, ತಮ್ಮ ಪಾಲಿನದನ್ನು ಹಣವಾಗಿ ಕೂಲಿಗೆ ಸೇರಿಸಿ ಹೆಂಡತಿಯ ಖಾತೆಗೆ ಹಾಕುವಂತೆ ಕೇಳಿದರು. ಅವರು ತುಸು ಚೌಕಾಸಿ ಮಾಡಿ ಒಪ್ಪಿದರು. ತಂಡದ ಉಳಿದವರಿಗೆ ಹಳೆಯ ಪದ್ಧತಿಯೇ ಮುಂದುವರಿದಿದೆ. ಹಾಗಾಗಿ ದಿನವೂ ಹಂಚುವ ಹೊತ್ತಿಗೆ ಮೊದಲೇ ದೋಟಿ ಒಪ್ಪಿಸಿ ಅವರು ತೋಟದಿಂದ ಹೊರಡುತ್ತಾರೆ, ಅರ್ಧ ತಾಸಿನ ಕೂಲಿಯನ್ನು ಅದಕ್ಕಾಗಿ ಬಿಟ್ಟುಕೊಟ್ಟು.